ಹೇಳಿದ್ದು ಅವರು, ಕೈ ಯಾರದ್ದು?

ರಾತ್ರಿ ಎರಡೂವರೆ. ಮಂಗಳೂರಿನ ಒಂದು ಆಸ್ಪತ್ರೆಯ ವಾರ್ಡ್. ಹೊರಗೆ ಜುಲೈ ತಿಂಗಳ ಮಳೆ. ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಅಷ್ಟೇ. ವಾಂತಿ ಭೇದಿಯಾಗಿ ಸುಸ್ತಾಗಿ ಬಂದಿದ್ದ ಒಬ್ಬ ಅಜ್ಜನ ರಕ್ತದ ರಿಪೋರ್ಟ್ ಬಂತು. ಪೊಟ್ಯಾಸಿಯಂ ತೀರಾ ಕಡಿಮೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಆಗಷ್ಟೇ ಎದ್ದ ದನಿ. "ಒಂದು ಕೆಸಿಎಲ್ ಕೊಟ್ಟುಬಿಡಿ ಸಿಸ್ಟರ್, ಬೇಗ" ಎಂದು ಫೋನ್ ಇಟ್ಟರು.

ಕೆಸಿಎಲ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. 10 ಎಂಎಲ್‌ನ ಸಣ್ಣ ಆಂಪೂಲ್. ಅದನ್ನು ಡ್ರಿಪ್ ಬಾಟಲಿಗೆ ಬೆರೆಸಿ ನಿಧಾನವಾಗಿ ಹರಿಸಬೇಕು. ಹಾಗೇ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗಬಹುದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆದರೂ ಆಂಪೂಲ್ ಒಡೆದೆ, ಸಿರಿಂಜಿಗೆ ಎಳೆದೆ, ಟ್ರೇಯಲ್ಲಿ ಸ್ಪಿರಿಟ್ ಹತ್ತಿ ಇಟ್ಟುಕೊಂಡು ಬೆಡ್ ಕಡೆ ಹೊರಟೆ. ಕಿವಿಯಲ್ಲಿ ಉಳಿದದ್ದು ಎರಡೇ ಮಾತು: ಕೊಟ್ಟುಬಿಡಿ, ಬೇಗ.

ಅಡ್ಡ ಬಂದವರು ಶಿರ್ವ ಕಡೆಯ ಹಿರಿಯ ಸಿಸ್ಟರ್. "ಎಂತ ಅದು? ಡ್ರಿಪ್ಪಿಗೆ ಹಾಕುದಾ, ನೇರ ಕೊಡುದಾ?" ಅಂದರು. ನಾನು "ಡಾಕ್ಟ್ರು ಕೊಡ್ಲಿಕ್ಕೆ ಹೇಳಿದ್ರು" ಅಂದೆ. ಅವರು ಟ್ರೇ ಹಿಡಿದುಕೊಂಡರು. "ಹೋಗಿ ಇನ್ನೊಮ್ಮೆ ಕೇಳಿ ಬಾ. ಬೈದ್ರೆ ಬೈಲಿ. ಬೈದ್ರೆ ಯಾರೂ ಸಾಯುದಿಲ್ಲ."

ಕೇಳಿದೆ. ಬೈದರು. "ಅಷ್ಟೂ ಗೊತ್ತಾಗಲ್ವಾ? ಡ್ರಿಪ್ಪಿಗೆ ಹಾಕಿ!" ಡಾಕ್ಟರ್ ಮನಸ್ಸಿನಲ್ಲಿ ಇದ್ದದ್ದು ಸರಿಯಾದ ಆದೇಶವೇ. ಬಾಯಿಂದ ಬಂದದ್ದು ಅರ್ಧ. ಉಳಿದ ಅರ್ಧವನ್ನು ನನ್ನ ಹೆದರಿಕೆ ತುಂಬಿಸಿತ್ತು. ಅಜ್ಜ ನಾಲ್ಕನೇ ದಿನ ಮನೆಗೆ ಹೋದರು.

ಆ ರಾತ್ರಿ ಏನಾದರೂ ಆಗಿದ್ದರೆ ನಾನು ಹೇಳುತ್ತಿದ್ದ ಮೊದಲ ಮಾತು ಯಾವುದು ಅಂತ ನನಗೆ ಚೆನ್ನಾಗಿ ಗೊತ್ತು. "ಡಾಕ್ಟ್ರು ಹೇಳಿದ್ರು." ಈ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದು ಹೇಗೆ? ಗೊತ್ತಿದ್ದ ವಿಷಯವೂ ಆ ಹೊತ್ತಿಗೆ ಕೈಗೆ ಬಾರದೆ ಹೋಗುವುದು ಯಾಕೆ? ಇಷ್ಟು ವರ್ಷ ಇದನ್ನೇ ಓದುತ್ತಾ ಬಂದಿದ್ದೇನೆ. ಈಗ ಉಡುಪಿಯಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡುವಾಗಲೂ ಇದನ್ನೇ ಹೇಳುತ್ತೇನೆ.

ನನ್ನ ಕಥೆ ಹೊಸದೇನಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ಹೊಫ್ಲಿಂಗ್ ಎಂಬ ಮನೋವೈದ್ಯರು ಇದನ್ನೇ ಪರೀಕ್ಷೆ ಮಾಡಿ 1966ರಲ್ಲಿ ಪ್ರಕಟಿಸಿದರು. ವಾರ್ಡಿನಲ್ಲಿರುವ ನರ್ಸಿಗೆ ಒಬ್ಬ ಅಪರಿಚಿತ "ಡಾಕ್ಟರ್" ಫೋನ್ ಮಾಡುತ್ತಾನೆ. ಆಸ್ಟ್ರೋಟೆನ್ ಎಂಬ ಮಾತ್ರೆ 20 ಮಿಲಿಗ್ರಾಂ ಕೊಡಿ, ನಾನು ಬಂದು ಸಹಿ ಹಾಕುತ್ತೇನೆ ಅನ್ನುತ್ತಾನೆ. ಡಬ್ಬಿಯ ಮೇಲೆ ದಿನಕ್ಕೆ ಹೆಚ್ಚೆಂದರೆ 10 ಮಿಲಿಗ್ರಾಂ ಅಂತ ಬರೆದಿದೆ. ಫೋನಿನಲ್ಲಿ ಆದೇಶ ತೆಗೆದುಕೊಳ್ಳಬಾರದು ಎಂಬ ನಿಯಮವೂ ಇದೆ. ಡಾಕ್ಟರ್ ಯಾರೆಂದೇ ಗೊತ್ತಿಲ್ಲ. ಆದರೂ 22 ನರ್ಸುಗಳಲ್ಲಿ 21 ಮಂದಿ ಮಾತ್ರೆ ತೆಗೆದುಕೊಂಡು ರೋಗಿಯ ಕಡೆ ಹೊರಟರು. ಡಬ್ಬಿಯಲ್ಲಿ ಇದ್ದದ್ದು ಬರೀ ಗ್ಲೂಕೋಸ್, ದಾರಿಯಲ್ಲೇ ಅವರನ್ನು ತಡೆದು ವಿಷಯ ತಿಳಿಸಿದರು. ಇದೇ ಸಂದರ್ಭವನ್ನು ಕಾಗದದ ಮೇಲೆ ಕೊಟ್ಟು "ನೀವಾದರೆ ಏನು ಮಾಡುತ್ತೀರಿ?" ಅಂತ 21 ನರ್ಸಿಂಗ್ ವಿದ್ಯಾರ್ಥಿನಿಯರನ್ನು ಕೇಳಿದ್ದರು. ಒಬ್ಬಳೂ ಬಿಡದೆ ಎಲ್ಲರೂ "ಕೊಡುವುದಿಲ್ಲ" ಅಂದಿದ್ದರು. ನನ್ನ ತರಗತಿಯಲ್ಲೂ ಪ್ರತಿ ವರ್ಷ ಇದೇ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಬೆಂಚಿನ ಮೇಲೆ ಕೂತು ಯೋಚಿಸುವ ಮನಸ್ಸು ಬೇರೆ, ಫೋನ್ ಕೈಯಲ್ಲಿ ಹಿಡಿದ ಮನಸ್ಸು ಬೇರೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಬೇರೆ ಸಂಶೋಧಕರು ಇದನ್ನೇ ಸ್ವಲ್ಪ ಬದಲಿಸಿ ಮಾಡಿದರು. ಈ ಸಲ ನರ್ಸುಗಳಿಗೆ ಪರಿಚಯವಿದ್ದ ಔಷಧಿ, ವೇಲಿಯಂ. ಜೊತೆಗೆ ಸಹೋದ್ಯೋಗಿಗಳ ಹತ್ತಿರ ಮಾತಾಡಲು ಅವಕಾಶ. ಆಗ 18 ಮಂದಿಯಲ್ಲಿ ಆ ತಪ್ಪು ಪ್ರಮಾಣ ಕೊಡಲು ಹೊರಟವರು ಇಬ್ಬರೇ. 22ರಲ್ಲಿ 21 ಎಲ್ಲಿ, 18ರಲ್ಲಿ 2 ಎಲ್ಲಿ! ಎರಡನೇ ಗುಂಪಿನವರೇನು ಹೆಚ್ಚು ಧೈರ್ಯವಂತರಲ್ಲ. ಔಷಧಿ ಗೊತ್ತಿತ್ತು, ಪಕ್ಕದಲ್ಲಿ ಒಬ್ಬರು ಇದ್ದರು. ನನಗೂ ಶಿರ್ವದ ಆ ಸಿಸ್ಟರ್ ಇದ್ದ ಹಾಗೆ.

ಈ ವಿಷಯದಲ್ಲಿ ಎಲ್ಲರಿಗಿಂತ ಜಾಸ್ತಿ ಹೆಸರಾದವರು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್. 1961ರ ಏಪ್ರಿಲ್‌ನಲ್ಲಿ ಜೆರುಸಲೇಮಿನಲ್ಲಿ ಅಡಾಲ್ಫ್ ಐಖ್‌ಮನ್ ವಿಚಾರಣೆ ಶುರುವಾಯಿತು. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡ ಆ ನಾಜಿ ಅಧಿಕಾರಿ, ತಾನು ಆಜ್ಞೆ ಪಾಲಿಸಿದೆ ಅಷ್ಟೇ ಅಂದ. ಅದೇ ವರ್ಷ ಆಗಸ್ಟ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಲ್‌ಗ್ರಾಮ್ ಪ್ರಯೋಗ ಶುರು ಮಾಡಿದರು.

ಪ್ರಯೋಗ ಹೀಗಿತ್ತು. ನೆನಪಿನ ಶಕ್ತಿಯ ಅಧ್ಯಯನ ಅಂತ ಜಾಹೀರಾತು. ಬಂದವರಿಗೆ ನಾಲ್ಕೂವರೆ ಡಾಲರ್. ಚೀಟಿ ಎತ್ತಿಸಿ ಒಬ್ಬರನ್ನು "ಮೇಷ್ಟ್ರು", ಇನ್ನೊಬ್ಬರನ್ನು "ವಿದ್ಯಾರ್ಥಿ" ಮಾಡುತ್ತಿದ್ದರು. ಬಂದವನಿಗೆ ಯಾವಾಗಲೂ ಮೇಷ್ಟ್ರ ಚೀಟಿಯೇ. ವಿದ್ಯಾರ್ಥಿ ಅವರ ಕಡೆಯವನು. ಅವನನ್ನು ಪಕ್ಕದ ಕೋಣೆಯ ಕುರ್ಚಿಗೆ ಕಟ್ಟುತ್ತಿದ್ದರು. ಮೇಷ್ಟ್ರ ಮುಂದೆ ಒಂದು ಪೆಟ್ಟಿಗೆ, ಅದರಲ್ಲಿ 30 ಸ್ವಿಚ್. ಮೊದಲನೆಯದು 15 ವೋಲ್ಟ್, ಕೊನೆಯದು 450. ಉತ್ತರ ತಪ್ಪಿದಾಗೆಲ್ಲ ಒಂದು ಮೆಟ್ಟಿಲು ಮೇಲೆ. ನಿಜವಾಗಿ ಆ ಕಡೆ ಕರೆಂಟ್ ಹೋಗುತ್ತಿರಲಿಲ್ಲ. ಆದರೆ ಮೇಷ್ಟ್ರಿಗೆ ಮಾತ್ರ ಮೊದಲೇ 45 ವೋಲ್ಟಿನ ನಿಜವಾದ ಶಾಕ್ ಮುಟ್ಟಿಸಿ ನಂಬಿಸಿರುತ್ತಿದ್ದರು.

300 ವೋಲ್ಟಿಗೆ ಪಕ್ಕದ ಕೋಣೆಯಿಂದ ಗೋಡೆ ಬಡಿಯುವ ಸದ್ದು. ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಉತ್ತರವೂ ಇಲ್ಲ. ಮೇಷ್ಟ್ರು ತಿರುಗಿ ನೋಡಿದರೆ, ಪ್ರಯೋಗ ನಡೆಸುತ್ತಿದ್ದ ಬೂದು ಕೋಟಿನವನು ಶಾಂತವಾಗಿ "ದಯವಿಟ್ಟು ಮುಂದುವರಿಸಿ" ಅನ್ನುತ್ತಿದ್ದ. ಅಷ್ಟೇ. ಬಂದೂಕಿಲ್ಲ, ಬೆದರಿಕೆ ಇಲ್ಲ, ಕೆಲಸ ಹೋಗುವ ಭಯ ಇಲ್ಲ. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಜನರಲ್ಲಿ 26 ಮಂದಿ 450 ವೋಲ್ಟಿನವರೆಗೂ ಹೋದರು.

ಇವರನ್ನು ಕ್ರೂರಿಗಳು ಅಂದುಕೊಂಡರೆ ನಾವು ವಿಷಯವನ್ನೇ ತಪ್ಪಿಸಿಕೊಂಡ ಹಾಗೆ. ಅವರು ಬೆವರಿದರು, ತೊದಲಿದರು, ತುಟಿ ಕಚ್ಚಿಕೊಂಡರು. "ಇವನಿಗೆ ಏನಾದರೂ ಆದರೆ ಯಾರು ಹೊಣೆ?" ಅಂತ ಕೇಳಿದವರೂ ಇದ್ದರು. "ನಾನೇ ಹೊಣೆ" ಅಂತ ಕೋಟಿನವನು ಹೇಳಿದ ಮೇಲೆ ಮುಂದಿನ ಸ್ವಿಚ್ ಒತ್ತಿದರು. ನನಗೆ ಈ ಭಾಗ ಓದುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೊಣೆಯನ್ನು ಒಂದು ಚೀಲದ ಹಾಗೆ ಇನ್ನೊಬ್ಬರ ಕೈಗೆ ಕೊಟ್ಟೆವು ಅಂತ ಅನಿಸಿದ ಕೂಡಲೇ ನಮ್ಮ ಕೈ ಹಗುರಾಗುತ್ತದೆ. ಹಗುರಾದ ಕೈ ಮುಂದಕ್ಕೆ ಹೋಗುತ್ತದೆ. ಮಿಲ್‌ಗ್ರಾಮ್ ಹೇಳಿದ್ದು ಇದನ್ನೇ: ಆ ಹೊತ್ತಿಗೆ ಮನುಷ್ಯ ತನ್ನನ್ನು ಮಾಡುವವನು ಅಂತ ನೋಡಿಕೊಳ್ಳುವುದಿಲ್ಲ, ಬೇರೆಯವರ ಇಚ್ಛೆಯ ಸಾಧನ ಅಂತ ನೋಡಿಕೊಳ್ಳುತ್ತಾನೆ.

ಮೆಟ್ಟಿಲುಗಳ ಕೆಲಸವೂ ಇದೆ. ಮೊದಲೇ "450 ಒತ್ತಿ" ಅಂದಿದ್ದರೆ ಹೆಚ್ಚಿನವರು ಎದ್ದು ಹೋಗುತ್ತಿದ್ದರೇನೋ. ಆದರೆ 15 ಒತ್ತಿದವನಿಗೆ 30 ದೊಡ್ಡದಲ್ಲ. 285 ಒತ್ತಿದವನು 300ಕ್ಕೆ ನಿಲ್ಲಬೇಕಾದರೆ, 285 ಯಾಕೆ ಒತ್ತಿದೆ ಅಂತ ತನಗೇ ಉತ್ತರ ಕೊಡಬೇಕು. ಆಫೀಸಿನಲ್ಲಿ ಒಂದು ಸುಳ್ಳು ಬಿಲ್ಲಿಗೆ ಸಹಿ ಹಾಕಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಎರಡನೆಯದಕ್ಕೆ ಸಹಿ ಹಾಕದೆ ಇರುವುದು ಅಂದರೆ ಮೊದಲನೆಯದನ್ನು ಒಪ್ಪಿಕೊಳ್ಳುವುದು.

ಮಿಲ್‌ಗ್ರಾಮ್ ಪ್ರಯೋಗ ಅಂದರೆ ಎಲ್ಲರೂ 26 ಮಂದಿಯ ಲೆಕ್ಕವನ್ನೇ ಹೇಳುತ್ತಾರೆ. ಅದೊಂದನ್ನೇ ಹೇಳಿ ನಿಲ್ಲಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅವರು ಪ್ರಯೋಗವನ್ನು ಬೇರೆ ಬೇರೆ ರೀತಿ ಬದಲಿಸಿ ಮಾಡಿದರು, ನಿಜವಾದ ಪಾಠ ಅಲ್ಲಿದೆ. ಕೋಟಿನವನು ಕೋಣೆಯಲ್ಲಿಲ್ಲದೆ ಫೋನಿನಲ್ಲಿ ಹೇಳಿದಾಗ ಕೊನೆಯವರೆಗೆ ಹೋದವರು ಐವರಲ್ಲಿ ಒಬ್ಬರಷ್ಟೇ. ಕೆಲವರಂತೂ ಫೋನಿನಲ್ಲಿ "ಹೆಚ್ಚಿಸಿದೆ" ಅಂತ ಹೇಳಿ ಕಡಿಮೆ ಸ್ವಿಚ್ಚನ್ನೇ ಒತ್ತುತ್ತಿದ್ದರು. ಇಬ್ಬರು ಅಧಿಕಾರಿಗಳು ಎದುರಲ್ಲೇ ಒಬ್ಬರಿಗೊಬ್ಬರು ಒಪ್ಪದೆ ಹೋದಾಗ ಒಬ್ಬರೂ ಕೊನೆಯವರೆಗೆ ಹೋಗಲಿಲ್ಲ. ಜೊತೆಗೆ ಕೂತ ಇನ್ನಿಬ್ಬರು "ನಮ್ಮಿಂದ ಆಗುವುದಿಲ್ಲ" ಅಂತ ಎದ್ದಾಗ 40ರಲ್ಲಿ ನಾಲ್ಕೇ ಮಂದಿ ಮುಂದುವರಿಸಿದರು. ಆದರೆ ಸ್ವಿಚ್ ಒತ್ತುವ ಕೆಲಸ ಬೇರೆಯವರಿಗೆ ಕೊಟ್ಟು, ಇವರಿಗೆ ಬರೀ ಪ್ರಶ್ನೆ ಓದುವಂಥ ಕೆಲಸ ಕೊಟ್ಟಾಗ? 40ರಲ್ಲಿ 37 ಮಂದಿ ಕೊನೆಯವರೆಗೂ ಕೂತರು. "ನಾನೇನು ಮಾಡಿದೆ? ಬರೀ ಫೈಲ್ ಕಳಿಸಿದೆ" ಅನ್ನುವವರು ನಮ್ಮ ಸುತ್ತ ಎಷ್ಟು ಜನ!

ಈ ಪ್ರಯೋಗದ ಬಗ್ಗೆ ತಕರಾರುಗಳೂ ಇವೆ. ಜನರನ್ನು ಆ ಸಂಕಟಕ್ಕೆ ನೂಕಿದ್ದೇ ತಪ್ಪು ಅನ್ನುವುದು ಒಂದು, ಅದನ್ನು ನಾನೂ ಒಪ್ಪುತ್ತೇನೆ. ಶಾಕ್ ನಿಜವಲ್ಲ ಅಂತ ಕೆಲವರಿಗೆ ಅನುಮಾನ ಬಂದಿತ್ತು ಅನ್ನುವುದು ಇನ್ನೊಂದು. ಆದರೆ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಮನೋವಿಜ್ಞಾನಿಗಳಾದ ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಕರ್ ಅವರ ಮಾತು. ಮೇಷ್ಟ್ರು ಹಿಂಜರಿದಾಗ ಹೇಳಲು ಕೋಟಿನವನ ಹತ್ತಿರ ನಾಲ್ಕು ವಾಕ್ಯ ಇದ್ದವು. ನಾಲ್ಕನೆಯದು ಮಾತ್ರ ಅಪ್ಪಟ ಆಜ್ಞೆ: "ನಿಮಗೆ ಬೇರೆ ದಾರಿ ಇಲ್ಲ, ಮುಂದುವರಿಸಲೇಬೇಕು." ಅದನ್ನು ಕೇಳಿದಾಗಲೇ ಜನ ತಿರುಗಿ ಬೀಳುತ್ತಿದ್ದದ್ದು! 2009ರಲ್ಲಿ ಮನೋವಿಜ್ಞಾನಿ ಜೆರಿ ಬರ್ಗರ್ 150 ವೋಲ್ಟಿಗೇ ನಿಲ್ಲಿಸುವಂತೆ ಇದನ್ನು ಮತ್ತೆ ಮಾಡಿದಾಗಲೂ, ಆ ನಾಲ್ಕನೇ ವಾಕ್ಯ ಕೇಳಿದ ಒಬ್ಬರೂ ಮುಂದುವರಿಸಲಿಲ್ಲ. ಅಂದರೆ ಗದರಿಸಿದಾಗ ಮನುಷ್ಯ ಎಚ್ಚರವಾಗುತ್ತಾನೆ. "ಇದು ವಿಜ್ಞಾನಕ್ಕಾಗಿ", "ಇದು ರೋಗಿಯ ಒಳ್ಳೆಯದಕ್ಕೆ", "ಇದು ನಮ್ಮ ಜನಕ್ಕಾಗಿ" ಅಂತ ಮೆತ್ತಗೆ ಹೇಳಿದಾಗ ಜೊತೆಗೆ ನಡೆದುಬಿಡುತ್ತಾನೆ.

ಈಗ ನಮ್ಮೂರಿಗೆ ಬರುತ್ತೇನೆ. 2010ರ ಮೇ 22, ಶನಿವಾರ ಬೆಳಿಗ್ಗೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಎಂಟು ಮಂದಿ ಉಳಿದರು. ಈ ಕಡೆಯ ಜನರಿಗೆ ಆ ದಿನವನ್ನು ನೆನಪಿಸಬೇಕಾಗಿಲ್ಲ.

ತನಿಖಾ ವರದಿಯಲ್ಲಿ ಒಂದು ಸಂಗತಿ ಇದೆ. ವಿಮಾನ ಇಳಿಯುವಾಗ ಎತ್ತರ ಸರಿ ಇರಲಿಲ್ಲ. ಸಹ ಪೈಲಟ್ ಮೂರು ಸಲ "ಗೋ ಅರೌಂಡ್" ಅಂದರು. ಇಳಿಯುವುದು ಬೇಡ, ಮತ್ತೆ ಮೇಲೆ ಹೋಗೋಣ ಅಂತ ಅದರ ಅರ್ಥ. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಕೇಳಲಿಲ್ಲ. ಹಾರಾಟದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಅವರು ನಿದ್ದೆಯಲ್ಲಿದ್ದರು, ಆ ನಿದ್ದೆಯ ಮಂಪರು ಒಂದು ಕಾರಣ ಅಂತಲೂ ವರದಿ ಹೇಳಿದೆ. ಮೂರು ಸಲ ಹೇಳಿದ ಸಹ ಪೈಲಟ್ ಕಂಟ್ರೋಲನ್ನು ತಾನೇ ತೆಗೆದುಕೊಳ್ಳಲಿಲ್ಲ. ಯಾಕೆ? ಸಹ ಪೈಲಟ್ ತಾನಾಗಿಯೇ ಹಾಗೆ ಮಾಡಬಹುದೇ ಇಲ್ಲವೇ ಅನ್ನುವ ಬಗ್ಗೆ ಸೂಚನೆಗಳಲ್ಲಿ ಇದ್ದ ಗೊಂದಲವೇ ಬಹುಶಃ ಕಾರಣ ಅಂತ ವರದಿ ಬರೆದಿದೆ.

ತೀರಿಹೋದವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಸಹ ಪೈಲಟ್ ಸುಮ್ನೆ ಕೂರಲಿಲ್ಲ. ಕಂಡದ್ದನ್ನು ಬಾಯಿಬಿಟ್ಟು ಹೇಳಿದರು, ಅದೂ ಮೂರು ಸಲ. ಹೇಳಿದ ಮೇಲೆ ಮುಂದೇನು ಅನ್ನುವುದು ಸ್ಪಷ್ಟ ಇರಲಿಲ್ಲ. ಕೆಳಗಿನವರು "ಬೇಡ" ಅಂದರೆ ಸಾಲದು. ಆ "ಬೇಡ" ಯಾವಾಗ ಕೈಗೆ ಇಳಿಯಬೇಕು ಅಂತ ಮೊದಲೇ ತೀರ್ಮಾನವಾಗಿರಬೇಕು. ವಿಮಾನಯಾನದಲ್ಲಿ ಇದಕ್ಕಾಗಿ ಎರಡು ಸಲ ಕೇಳುವ ಪದ್ಧತಿಯೊಂದಿದೆ. ಎರಡು ಸಲ ಹೇಳಿಯೂ ಸರಿಯಾದ ಉತ್ತರ ಬಾರದಿದ್ದರೆ ಇನ್ನೊಬ್ಬ ಪೈಲಟ್ ಕಂಟ್ರೋಲ್ ತೆಗೆದುಕೊಳ್ಳುವುದು. ಆಸ್ಪತ್ರೆಗಳೂ ಇದನ್ನು ಅಲ್ಲಿಂದ ಕಲಿತವು. ಎರಡು ಸಲ ಕೇಳು, ಆಮೇಲೆ ನಿಲ್ಲಿಸಿ ಮೇಲಿನವರನ್ನು ಕರೆ.

ಕಾನೂನು ಏನು ಹೇಳುತ್ತದೆ? ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ "ಮೇಲಿನವರ ಆಜ್ಞೆ" ಅನ್ನುವ ಸಮರ್ಥನೆ ನಿಲ್ಲಲಿಲ್ಲ. 1950ರಲ್ಲಿ ಅದನ್ನು ಒಂದು ತತ್ವವಾಗಿ ಬರೆದಿಟ್ಟರು: ನೈತಿಕವಾಗಿ ಆಯ್ಕೆ ಮಾಡಿಕೊಳ್ಳಲು ಅವಕಾಶ ಇದ್ದಿದ್ದರೆ, ಆಜ್ಞೆ ಇತ್ತು ಅನ್ನುವುದು ಹೊಣೆಯಿಂದ ಬಿಡಿಸುವುದಿಲ್ಲ. ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 14ನೇ ಕಲಂ ಇದೆ, ಹಿಂದೆ ಐಪಿಸಿ 76 ಇದ್ದದ್ದು. ಕಾನೂನಿಗೆ ಕಟ್ಟುಬಿದ್ದು ಮಾಡಿದ ಕೆಲಸ ಅಪರಾಧವಲ್ಲ ಅನ್ನುತ್ತದೆ ಅದು. ಮೇಲಧಿಕಾರಿಯ ಆದೇಶದಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕನ ಉದಾಹರಣೆಯೂ ಅದರಲ್ಲೇ ಇದೆ. ಆದರೆ ಒಂದು ಷರತ್ತು: ಕಾನೂನಿನ ಆಜ್ಞೆಗೆ ಅನುಗುಣವಾಗಿ. ಸಾಹೇಬರು ಹೇಳಿದರೆ ಸಾಲದು, ಸಾಹೇಬರು ಹೇಳಿದ್ದು ಕಾನೂನಿಗೆ ಸರಿ ಇರಬೇಕು. ನಕಲಿ ಎನ್‌ಕೌಂಟರ್ ಪ್ರಕರಣವೊಂದರಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ನ್ಯೂರೆಂಬರ್ಗನ್ನೇ ನೆನಪಿಸಿ ಹೇಳಿತು: ಅಂಥ ಆದೇಶ ಬಂದರೆ ಪಾಲಿಸದೆ ಇರುವುದು ಪೊಲೀಸನ ಕರ್ತವ್ಯ, ಪಾಲಿಸಿದರೆ ಕೊಲೆ ಆರೋಪ ಎದುರಿಸಬೇಕು.

ಪಾಲಿಸದವರು ನಮ್ಮ ಚರಿತ್ರೆಯಲ್ಲೂ ಇದ್ದಾರೆ. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ, ಆಯುಧವಿಲ್ಲದ ಜನರ ಮೇಲೆ ಗುಂಡು ಹಾರಿಸಲು ಹೇಳಿದಾಗ ಗಢವಾಲಿ ಸೈನಿಕರು ಒಪ್ಪಲಿಲ್ಲ. ಮುಂದೆ ನಿಂತ ಚಂದ್ರ ಸಿಂಗ್ ಗಢವಾಲಿ ಅದಕ್ಕೆ ವರ್ಷಗಟ್ಟಲೆ ಜೈಲಿನಲ್ಲಿ ಕಳೆದರು. ಅವತ್ತು ಬೇರೆ ಪಡೆಯವರು ಗುಂಡು ಹಾರಿಸಿದರು, ಜನ ಸತ್ತರು. ಹಾಗಾದರೆ ಒಪ್ಪದೆ ಇದ್ದದ್ದು ವ್ಯರ್ಥವೇ? ನನಗೆ ಹಾಗೆ ಅನಿಸುವುದಿಲ್ಲ. ಆ ಸೈನಿಕರ ಗುಂಡಿಗೆ ಸಾಯಬೇಕಾಗಿದ್ದ ಯಾರೋ ಒಬ್ಬರು ಅವತ್ತು ಸಂಜೆ ಮನೆಗೆ ಹೋಗಿರುತ್ತಾರೆ.

ನಮ್ಮ ತುಳುನಾಡಿನ ಪಾಡ್ದನದಲ್ಲಿ, ಅಂದರೆ ಹಾಡುಗಥೆಯಲ್ಲಿ, ಕಲ್ಕುಡನ ಕಥೆ ಬರುತ್ತದಲ್ಲ, ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು. ಇಂಥದ್ದು ಇನ್ನೊಂದು ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿ ಸಿಟ್ಟಿನಿಂದ ಅರಸನ ಮೇಲೆ ಬಿದ್ದಳು. ಚಿಕ್ಕಂದಿನಿಂದ ಕೇಳಿದ ಕಥೆ ಇದು. ದೊಡ್ಡವಳಾದ ಮೇಲೆ ಒಂದು ಪ್ರಶ್ನೆ ಬಂತು. ಕತ್ತಿ ಹಿಡಿದವನು ಯಾರು? ನಾನು ಕೇಳಿದ ಕಥೆಯಲ್ಲಿ ಅವನಿಗೆ ಹೆಸರೇ ಇಲ್ಲ. ಅರಸ ಹೇಳಿದ, ಕೈ ಹೋಯಿತು, ಅಷ್ಟೇ. ನಡುವೆ ಒಬ್ಬ ಮನುಷ್ಯ ಇದ್ದ. ಅವನಿಗೂ ಮನೆ ಇತ್ತು, ರಾತ್ರಿ ಊಟಕ್ಕೆ ಕೂರುವಾಗ ಕೈ ತೊಳೆದಿರಬೇಕು.

ಹೆಸರಿರುವವನೂ ಒಬ್ಬನಿದ್ದಾನೆ, ಮಹಾಭಾರತದ ಪ್ರಾತಿಕಾಮಿ. ದ್ಯೂತದಲ್ಲಿ ಗೆದ್ದ ಮೇಲೆ ದುರ್ಯೋಧನ ದ್ರೌಪದಿಯನ್ನು ಕರೆತರಲು ಮೊದಲು ಕಳಿಸುವುದು ಈ ಆಳನ್ನು. ಅವನು ಹೋಗುತ್ತಾನೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ, ಕೇಳಿ ಬಾ ಅನ್ನುತ್ತಾಳೆ ದ್ರೌಪದಿ. ಅವಳನ್ನು ಎಳೆದು ತರುವ ಬದಲು ಅವನು ಆ ಪ್ರಶ್ನೆಯನ್ನು ಹೊತ್ತು ಸಭೆಗೆ ವಾಪಸ್ ಬರುತ್ತಾನೆ. ದುರ್ಯೋಧನ ಮತ್ತೆ ಗದರಿಸಿದಾಗ ಸಭೆಯ ಕಡೆ ತಿರುಗಿ, ನಾನು ಅವಳಿಗೆ ಏನು ಹೇಳಲಿ ಅನ್ನುತ್ತಾನೆ. ಅವಳ ಕೋಪದ ಭಯವೂ ಅವನಿಗೆ ಇತ್ತು ಅಂತ ಕಥೆ ಹೇಳುತ್ತದೆ. ಇರಲಿ. ಭೀಷ್ಮ, ದ್ರೋಣರಿದ್ದ ಸಭೆಯಲ್ಲಿ ಒಬ್ಬ ಆಳು ಎರಡು ಸಲ ಕೇಳಿ ನಿಂತ. ಆಮೇಲೆ ದುಃಶಾಸನ ಹೋಗಬೇಕಾಯಿತು. ತಾಳಮದ್ದಳೆಗೆ ಹೋದರೆ ನಾನು ಈ ಸಣ್ಣ ಪಾತ್ರಕ್ಕೇ ಕಾಯುತ್ತೇನೆ.

ಈಗಿನ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನನಗೆ ಗೊತ್ತಿರುವವರೇ ಇದರಲ್ಲಿ ದುಡ್ಡು ಕಳಕೊಂಡಿದ್ದಾರೆ. ಡಿಜಿಟಲ್ ಅರೆಸ್ಟ್. ಪೊಲೀಸರ ಹಾಗೆ ನಟಿಸಿ, ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ ಮೋಸ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಯೂನಿಫಾರಂ, ಹಿಂದೆ ಆಫೀಸಿನ ಗೋಡೆ. ಅಂಥದ್ದೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕೀ ಬಾತ್‌ನಲ್ಲಿ ಹೇಳಿದರು. ಓದಿದವರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರೂ ಸಿಕ್ಕಿಬೀಳುತ್ತಾರೆ. ವಂಚಕರು ಮೊದಲು ಹೇಳುವುದು ಏನು ಗೊತ್ತಾ? "ಕಾಲ್ ಕಟ್ ಮಾಡಬೇಡಿ. ಯಾರಿಗೂ ಹೇಳಬೇಡಿ. ಬಾಗಿಲು ಹಾಕಿಕೊಳ್ಳಿ." ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಆಟ ನಡೆಯುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಪಕ್ಕದ ಮನೆಯವರನ್ನು ಕೂಗಿ ಕರೆಯಿರಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

"ಆಳಾಗಿ ದುಡಿ, ಅರಸಾಗಿ ಉಣ್ಣು" ಅಂತ ಹೇಳಿಕೊಂಡು ಬೆಳೆದವರು ನಾವು. ಹಿರಿಯರ ಮಾತು ಕೇಳುವುದು ಕೆಟ್ಟದ್ದು ಅಂತ ನಾನು ಹೇಳಲಾರೆ. ಆಪರೇಷನ್ ಥಿಯೇಟರಿನಲ್ಲಿ ಪ್ರತಿ ಮಾತಿಗೂ ವಾದ ಮಾಡಿದರೆ ರೋಗಿ ಉಳಿಯುವುದಿಲ್ಲ. ಮಲ್ಪೆಯ ಬೋಟಿನಲ್ಲಿ ಗಾಳಿ ಎದ್ದಾಗ ಬೋಟು ನಡೆಸುವ ತಾಂಡೇಲನ ಮಾತೇ ನಡೆಯಬೇಕು. ಆದರೆ ಮಾತು ಕೇಳುವ ಅಭ್ಯಾಸ ನಮಗೆ ಅಂಗನವಾಡಿಯಿಂದಲೇ ಆಗಿರುತ್ತದೆ, ತಿರುಗಿ ಕೇಳುವ ಅಭ್ಯಾಸ ಯಾರೂ ಮಾಡಿಸುವುದಿಲ್ಲ.

ಹಾಗಾಗಿ ನಾನು ಮಾಡಿಸುತ್ತೇನೆ. ವಾರಕ್ಕೊಂದು ಮಧ್ಯಾಹ್ನ ತರಗತಿಯಲ್ಲಿ ನಾನು ಡಾಕ್ಟರ್. ಬೇಕಂತಲೇ ತಪ್ಪು ಆದೇಶ ಕೊಡುತ್ತೇನೆ, ಅವಸರ ಮಾಡುತ್ತೇನೆ, ಬೈಯುತ್ತೇನೆ. ಅವರು ಆದೇಶವನ್ನು ಬರೆದುಕೊಂಡು ಗಟ್ಟಿಯಾಗಿ ಓದಿ ಹೇಳಬೇಕು. ಸರಿ ಕಾಣದಿದ್ದರೆ ಎರಡು ಸಲ ಕೇಳಬೇಕು. ಆಮೇಲೂ ಉತ್ತರ ಸರಿ ಇಲ್ಲದಿದ್ದರೆ ಟ್ರೇ ಕೆಳಗಿಡಬೇಕು. ಶುರುವಿನಲ್ಲಿ ನಗುತ್ತಾರೆ. ಆಟ ಅಂತ ಗೊತ್ತಿದ್ದೂ, ನಾನು ದನಿ ಏರಿಸಿದ ಕೂಡಲೇ ಅರ್ಧ ತರಗತಿ ಸಿರಿಂಜ್ ಎತ್ತಿಬಿಡುತ್ತದೆ.

ಬೈಂದೂರು ಕಡೆಯ ಒಬ್ಬಳಿದ್ದಾಳೆ, ಹಾಜರಿ ಕರೆದರೂ ದನಿ ಕೇಳುವುದಿಲ್ಲ. ಹೋದ ವಾರ ಅವಳ ಸರದಿ. ಕೆಸಿಎಲ್ ನೇರ ಕೊಡಿ ಅಂದೆ. "ಡ್ರಿಪ್ಪಿಗಲ್ವಾ ಡಾಕ್ಟ್ರೆ?" ಅಂದಳು. "ಹೇಳಿದಷ್ಟು ಮಾಡಿ" ಅಂದೆ. "ನೇರ ಕೊಟ್ರೆ ಹಾರ್ಟ್ ನಿಲ್ತದೆ ಡಾಕ್ಟ್ರೆ" ಅಂದಳು. ನಾನು ಮೇಜು ಬಡಿದು, ನಿಮ್ಮ ಕೆಲಸ ಉಳಿಯುವುದಿಲ್ಲ ಅಂತ ಕೂಗಿದೆ. ತರಗತಿ ಸುಮ್ಮನಾಯಿತು. ಅವಳ ಕಣ್ಣಲ್ಲಿ ನೀರು ಬಂತು. ಟ್ರೇಯನ್ನು ಮೇಜಿನ ಮೇಲಿಟ್ಟಳು. ಸಿರಿಂಜಿನ ಮೇಲೆ ಬಟ್ಟೆ ಮುಚ್ಚಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಗೆಳತಿಯ ಕಡೆ ತಿರುಗಿ, "ಇನ್‌ಚಾರ್ಜ್ ಸಿಸ್ಟರನ್ನು ಕರಿ, ನಾನು ಇಲ್ಲೇ ನಿಲ್ತೇನೆ" ಅಂದಳು.